ಲಾಂಗಲಿ ಎಂಬ ಹೆಸರು: ಜೈನ ವೈದ್ಯಗ್ರಂಥಗಳಲ್ಲಿ ಸ್ಥಾವರವಿಷ

ಓಲೆಗರಿಗಳ ಪ್ರತಿಲಿಪಿ ಮಾಡುವವನು ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ರಸಭಂಗವಾಗುತ್ತದೆ. ವ್ಯಾಕರಣದಲ್ಲಿ ತಪ್ಪಿದರೆ ಅಪಶಬ್ದವಾಗುತ್ತದೆ. ವೈದ್ಯದಲ್ಲಿ ತಪ್ಪಿದರೆ ಪ್ರಾಣಹಾನಿಯಾಗುತ್ತದೆ. ಮೊದಲಿನ ಎರಡಕ್ಕೆ ಪಂಡಿತರ ಸಭೆಯಲ್ಲಿ ಪರಿಹಾರವುಂಟು. ಮೂರನೆಯದಕ್ಕೆ ಇಲ್ಲ. ನಮ್ಮ ಭಂಡಾರಗಳ ವೈದ್ಯಗ್ರಂಥಗಳನ್ನು, ಅವುಗಳಲ್ಲಿಯೂ ವಿಷಪ್ರಕರಣಗಳನ್ನು, ಸಂಪಾದಿಸಲು ಹೊರಟವರು ಈ ಮಾತನ್ನು ಮೊದಲಿಗೆ ಮನಸ್ಸಿಗೆ ತಂದುಕೊಳ್ಳಬೇಕು. ಈ ಲೇಖಕನು ಅದನ್ನು ಕಲಿತುದು ತನ್ನದೇ ತಪ್ಪಿನಿಂದ. ಆದುದರಿಂದ ಆ ತಪ್ಪಿನಿಂದಲೇ ಪ್ರಾರಂಭಿಸುವುದು ಉಚಿತ.

ಸುಮಾರು ಮೂವತ್ತು ವರ್ಷಗಳ ಹಿಂದೆ ಮಳವಳ್ಳಿಯ ಕಡೆಯ ಒಂದು ಮನೆತನದಲ್ಲಿ ವೈದ್ಯದ ಓಲೆಕಟ್ಟೊಂದು ದೊರೆಯಿತು. ಆದಿಯಿಲ್ಲ, ಅಂತ್ಯವಿಲ್ಲ; ಗ್ರಂಥಕರ್ತನ ಹೆಸರಿಲ್ಲ. ಸಂಸ್ಕೃತ ಶ್ಲೋಕಗಳ ನಡುವೆ ಕನ್ನಡ ಗದ್ಯದ ಪ್ರಯೋಗಗಳು. ಒಂದು ಗರಿಯಲ್ಲಿ ಪ್ರಸವ ತಡವಾದ ಹೆಂಗಸಿಗೆ ಲಾಂಗಲಿಯ ಮೂಲವನ್ನು ಅರೆದು ನಾಭಿಯ ಕೆಳಗೆ ಲೇಪಿಸಬೇಕೆಂದು ಇತ್ತು. ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದ ನನಗೆ ಸಂದೇಹವೇ ಹುಟ್ಟಲಿಲ್ಲ. ಅಮರಸಿಂಹನು ತೆಂಗಿಗೆ ಲಾಂಗಲೀ ಎಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಅಂಚಿನಲ್ಲಿ ‘ತೆಂಗಿನ ಬೇರು’ ಎಂದು ಬರೆದು ಮುಂದುವರಿದೆ.

ಆ ಊರಿನ ವೃದ್ಧ ನಾಟಿವೈದ್ಯರೊಬ್ಬರು ಅದನ್ನು ಓದಿಸಿ ಕೇಳಿ ನಕ್ಕರು. ಹೊಲದ ಬೇಲಿಯ ಬಳಿಗೆ ಕರೆದೊಯ್ದರು. ಗೌರಿಹಬ್ಬದ ಆಸುಪಾಸಿನ ದಿನಗಳು. ಮುಳ್ಳಿನ ಪೊದೆಯ ಮೇಲೆ ಎಲೆಯ ತುದಿಯಿಂದಲೇ ಹಬ್ಬಿಕೊಂಡ ಬಳ್ಳಿಯೊಂದು ಬೆಂಕಿಯ ನಾಲಗೆಯಂತಹ ಕೆಂಪು ಹಳದಿ ಹೂಗಳನ್ನು ತಳೆದು ನಿಂತಿತ್ತು. ಅವರು ಬುಡವನ್ನು ಸ್ವಲ್ಪ ಕೆದಕಿ ತೋರಿಸಿದರು. ಗೆಡ್ಡೆಯು ನೇಗಿಲಿನಂತೆ ಬಾಗಿತ್ತು. ಲಾಂಗಲವೆಂದರೆ ನೇಗಿಲು, ಲಾಂಗಲಿಯೆಂದರೆ ಇದು, ಗೌರಿಹೂ, ಈ ಸೀಮೆಯಲ್ಲಿ ಕೆಲವರು ಕರಡಿಕಣ್ಣಿನ ಗೆಡ್ಡೆಯೆನ್ನುವ ವಿಷಕಂದ. ವೈದ್ಯನಿಘಂಟುಗಳು ಇದಕ್ಕೆ ಕಲಿಹಾರಿ, ಅಗ್ನಿಶಿಖಾ, ಗರ್ಭಪಾತಿನಿ ಎಂಬ ಹೆಸರುಗಳನ್ನೂ ಹೇಳುತ್ತವೆ.

ನಾಚಿಕೆಯಿಂದ ಮನೆಗೆ ಬಂದು ಪ್ರತಿಲಿಪಿಯಲ್ಲಿ ಲಾಂಗಲಿ ಎಂದಿರುವಲ್ಲೆಲ್ಲ ‘ಗೌರಿಹೂವಿನ ಗೆಡ್ಡೆ’ ಎಂದು ಅರ್ಥ ಬರೆದೆ. ಏಕರೂಪತೆಯು ಸಂಪಾದಕನ ಗುಣವೆಂದು ಗುರುಗಳು ಕಲಿಸಿದ್ದರು. ಎರಡು ದಿನಗಳ ತರುವಾಯ ಅದೇ ವೈದ್ಯರಿಗೆ ಇನ್ನೊಂದು ಗರಿಯನ್ನು ಓದಿ ಹೇಳಿದೆ. ಮೂತ್ರಕೃಚ್ಛ್ರಕ್ಕೆ, ಎಂದರೆ ಉರಿಮೂತ್ರಕ್ಕೆ, ಲಾಂಗಲೀರಸವನ್ನು ಏಲಕ್ಕಿಯೊಡನೆ ಕುಡಿಸಬೇಕು ಎಂಬುದು ಪಾಠ. ಅರ್ಥವನ್ನು ಕೇಳಿದೊಡನೆ ಅವರ ನಗೆ ನಿಂತಿತು. “ಯಾರನ್ನು ಕೊಲ್ಲಬೇಕೆಂದಿದ್ದೀರಿ?” ಎಂದರು. ಅಲ್ಲಿದ್ದ ಲಾಂಗಲಿಯು ತೆಂಗೇ ಆಗಿತ್ತು, ರಸವೆಂದರೆ ಎಳನೀರು. ನನ್ನ ಮೊದಲ ತಪ್ಪು ಔಷಧವನ್ನು ನಿಷ್ಫಲಗೊಳಿಸುತ್ತಿತ್ತು. ಅದನ್ನು ತಿದ್ದಲು ಹೋದ ಎರಡನೆಯ ತಪ್ಪು ರೋಗಿಯನ್ನು ಕೊಲ್ಲುತ್ತಿತ್ತು. ಗೌರಿಹೂವಿನ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಕಾಲ್ಚಿಸಿನ್ ಎಂಬ ಉಗ್ರ ದ್ರವ್ಯವಿದೆಯೆಂದು ಇಂದಿನ ರಸಾಯನಶಾಸ್ತ್ರವು ಹೇಳುತ್ತದೆ. ಅದನ್ನು ಮಿತವಾಗಿ ಬಳಸಿ ಸಂಧಿವಾತಕ್ಕೆ ಗುಳಿಗೆಯನ್ನೂ ಮಾಡುತ್ತಾರೆ. ಅದಕ್ಕಾಗಿ ತಮಿಳುನಾಡಿನಲ್ಲಿ ಈ ಬಳ್ಳಿಯನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. ಈ ಲೇಖನದಲ್ಲಿ ಹೇಳುವ ಯಾವ ಪ್ರಯೋಗವೂ ಆಚರಣೆಗಲ್ಲ. ಗ್ರಂಥಗಳ ಇತಿಹಾಸವನ್ನು ತಿಳಿಯುವುದಕ್ಕೆ ಮಾತ್ರ ಎಂಬುದನ್ನು ವಾಚಕರು ಮರೆಯಬಾರದು.

ಒಂದು ಹೆಸರು ಎರಡು ಗಿಡಗಳಿಗೆ ಸಲ್ಲುವುದು ಪ್ರಮಾದವಲ್ಲ. ಕೋಶಕಾರರು ಅದನ್ನು ಬಲ್ಲರು. ಅಮರನು ವಿಷದ ಬಳ್ಳಿಗೆ ಲಾಂಗಲಿಕೀ ಎಂಬ ರೂಪವನ್ನು ಬೇರೆಯಾಗಿಯೇ ಇಟ್ಟಿದ್ದಾನೆ. ಕಿಕಾರವೊಂದು ಜಾರಿದರೆ ಅಗ್ನಿಶಿಖೆಯು ತೆಂಗಾಗುತ್ತದೆ. ಪ್ರಾಚೀನರು ವೈದ್ಯವನ್ನು ಪದ್ಯದಲ್ಲಿ ಬರೆದುದಕ್ಕೆ ನೆನಪಿನ ಸೌಕರ್ಯವೊಂದೇ ಕಾರಣವಲ್ಲ. ಕಂದದಲ್ಲಿ ಒಂದು ಮಾತ್ರೆ ಕಡಮೆಯಾದರೆ ಓದುವವನು ಎಚ್ಚರಗೊಳ್ಳುತ್ತಾನೆ. ಛಂದಸ್ಸಿನ ಮಾತ್ರೆಯು ಔಷಧದ ಮಾತ್ರೆಯನ್ನು ಕಾಯುತ್ತದೆ. ಗದ್ಯದ ಪ್ರಯೋಗಪಟ್ಟಿಗಳಿಗೆ ಈ ರಕ್ಷೆಯಿಲ್ಲ. ಲಿಪಿಕಾರನ ನಿದ್ರೆಯೇ ಅಲ್ಲಿ ಗ್ರಂಥಪಾಠ.

ಕನ್ನಡದಲ್ಲಿ ವಿಷವೈದ್ಯದ ಪ್ರಧಾನ ಕೃತಿ ಜೈನಕವಿಯದು. ಸುಮಾರು 1360ರ ಕಾಲದ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣವನ್ನು ಮದರಾಸು ವಿಶ್ವವಿದ್ಯಾನಿಲಯವು 1942ರಲ್ಲಿ ಪ್ರಕಟಿಸಿತು. ಖಗೇಂದ್ರನೆಂದರೆ ವಿಷಹಾರಿಯಾದ ಗರುಡ. ಗ್ರಂಥದ ವಸ್ತು ಸ್ಥಾವರ ಮತ್ತು ಜಂಗಮ ವಿಷಗಳ ಶಮನ. ಮಂಗರಾಜನು ತನ್ನ ಸ್ಥಾವರವಿಷಚಿಕಿತ್ಸೆಗೆ ಪೂಜ್ಯಪಾದರನ್ನು ಆಧಾರವಾಗಿ ಹೇಳಿಕೊಳ್ಳುತ್ತಾನೆ. ಅವನಿಗಿಂತ ಎರಡು ಶತಮಾನಗಳ ಹಿಂದೆ, ಸುಮಾರು 1150ರಲ್ಲಿ, ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನೇ ಕನ್ನಡಕ್ಕೆ ತಂದನು. ಅದಕ್ಕೂ ಹಿಂದೆ ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ಬೇರೊಂದು ಗ್ರಂಥವನ್ನು ರಚಿಸಿದರು. ಅದು 1940ರಲ್ಲಿ ಸೋಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಳಕು ಕಂಡಿತು. ಉಗ್ರಾದಿತ್ಯರು ತಮ್ಮ ಪೂರ್ವಾಚಾರ್ಯರನ್ನು ಎಣಿಸುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ವಿಷಶಮನಕ್ಕೆ ಸಿದ್ಧಸೇನರನ್ನೂ ಹೆಸರಿಸುತ್ತಾರೆ. ಮಂಗರಾಜನ ಪರಂಪರೆಗೂ ಉಗ್ರಾದಿತ್ಯರ ಪರಂಪರೆಗೂ ಇರುವ ಈ ಭೇದವು ಗಮನಾರ್ಹ. ವಿಷವಿದ್ಯೆಯು ಒಬ್ಬ ಗುರುವಿನಿಂದ ಮಾತ್ರ ಬಂದುದಲ್ಲ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೊಂದು. ನಿಷ್ಪ್ರಯೋಜನವಾದ ಪಾಪದಿಂದ ದೂರವಿರುವುದೇ ಅದರ ಲಕ್ಷಣ. ತತ್ತ್ವಾರ್ಥಸೂತ್ರದ ಮೇಲಣ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಈ ಅನರ್ಥದಂಡವನ್ನು ಐದಾಗಿ ವಿಭಾಗಿಸುತ್ತಾರೆ. ಅವುಗಳಲ್ಲಿ ಹಿಂಸಾಪ್ರದಾನವೆಂಬುದು ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು. ಅಂತಹ ಸಾಧನಗಳ ಎಣಿಕೆಯಲ್ಲಿ ಮೊದಲು ಬರುವುದೇ ವಿಷ. ಪಾಪೋಪದೇಶವೆಂಬುದು ಹಿಂಸೆಗೆ ದಾರಿಯನ್ನು ಹೇಳಿಕೊಡುವುದು. ಪ್ರಮಾದಾಚರಿತವೆಂಬುದು ಕಾರಣವಿಲ್ಲದೆ ಗಿಡಮರಗಳನ್ನು ಕಡಿಯುವುದು, ನೆಲವನ್ನು ಅಗೆಯುವುದು ಮೊದಲಾದವು. ಹಾಗಾದರೆ ವಿಷವನ್ನು ಕೊಡಬಾರದೆಂದ ಆಚಾರ್ಯರ ಹೆಸರಿನಲ್ಲಿಯೇ ವಿಷದ ಶಾಸ್ತ್ರವು ಹೇಗೆ ಬೆಳೆಯಿತು?

ವೈದ್ಯಾಚಾರ್ಯ ಪೂಜ್ಯಪಾದರು ಬೇರೆ, ಸರ್ವಾರ್ಥಸಿದ್ಧಿಕಾರರು ಬೇರೆ ಎಂದು ಕೆಲವು ಆಧುನಿಕ ವಿದ್ವಾಂಸರು ಈ ತೊಡಕನ್ನು ಬಿಡಿಸಬಹುದು. ಆದರೆ ನಗರ ತಾಲ್ಲೂಕಿನ ಒಂದು ಶಾಸನವು ಜೈನೇಂದ್ರ ವ್ಯಾಕರಣ, ವೈದ್ಯಶಾಸ್ತ್ರ, ತತ್ತ್ವಾರ್ಥದ ಟೀಕೆ ಇವೆಲ್ಲವನ್ನೂ ಒಬ್ಬರೇ ಪೂಜ್ಯಪಾದರಿಗೆ ಸಲ್ಲಿಸುತ್ತದೆ. ನಮ್ಮ ಹಿರಿಯರು ಎರಡನ್ನೂ ಒಂದೇ ಮನಸ್ಸಿನ ಫಲವೆಂದು ಗ್ರಹಿಸಿದ್ದರು. ಅವರಿಗೆ ವಿರೋಧವು ಕಾಣಲಿಲ್ಲ. ಏಕೆ ಕಾಣಲಿಲ್ಲ ಎಂಬುದನ್ನು ಹುಡುಕುವುದೇ ಇತಿಹಾಸಕಾರನ ಕೆಲಸ.

ಹೋಲಿಕೆಗಾಗಿ ಇನ್ನೊಂದು ಗ್ರಂಥವನ್ನು ನೋಡೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ಬಂದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದುದು ಸುವಿದಿತ. ಅದರ ಹದಿನಾಲ್ಕನೆಯ ಅಧಿಕರಣವಾದ ಔಪನಿಷದಿಕದಲ್ಲಿ ಶತ್ರುಗಳನ್ನು ಕುರುಡಾಗಿಸುವ, ಹುಚ್ಚರಾಗಿಸುವ, ಕೊಲ್ಲುವ ಹೊಗೆ ಮತ್ತು ಚೂರ್ಣಗಳಿಗೆ ಬೇಕಾದ ಗಿಡಗಳ ಪಟ್ಟಿಯೇ ಇದೆ. ಪ್ರತೀಕಾರವೂ ಅಲ್ಲಿದೆ, ಆದರೆ ಅದು ಸ್ವಸೈನ್ಯಕ್ಕೆ. ಅಲ್ಲಿ ಗಿಡದಿಂದ ಪ್ರಾರಂಭಿಸಿ ಮರಣಕ್ಕೆ ಹೋಗುತ್ತಾರೆ. ಅಗದತಂತ್ರದಲ್ಲಿ ಕ್ರಮವು ತಲೆಕೆಳಗು. ಮೊದಲು ನರಳುವ ಮನುಷ್ಯ, ಅನಂತರ ಅವನ ಲಕ್ಷಣ, ಲಕ್ಷಣದಿಂದ ವಿಷದ ಗುರುತು, ಗುರುತಿನಿಂದ ಶಮನ. ಅದೇ ಉಮ್ಮತ್ತ, ಅದೇ ಕಣಗಿಲೆ. ಆದರೆ ದಾರಿ ಬೇರೆ. ಜೈನ ಆಚಾರ್ಯರು ಈ ಎರಡನೆಯ ದಾರಿಯನ್ನು ಹಿಡಿದರು. ಮಾಂಸ, ಮದ್ಯ, ಮಧುಗಳನ್ನು ಔಷಧದಿಂದ ಹೊರಗಿಟ್ಟ ಉಗ್ರಾದಿತ್ಯರೂ ಸೋಮನಾಥನೂ ವಿಷವನ್ನು ಶಾಸ್ತ್ರದಿಂದ ಹೊರಗಿಡಲಿಲ್ಲ. ವ್ರತವನ್ನು ಸರಿಯಾಗಿ ಓದಿದರೆ ಕಾರಣವು ಸ್ಪಷ್ಟ. ವಿಷವನ್ನು ಕೊಡಬಾರದು, ವಿಷದ ಗಿಡವೂ ಏಕೇಂದ್ರಿಯ ಜೀವವಾದುದರಿಂದ ಅದನ್ನು ವೃಥಾ ಕಡಿಯಲೂಬಾರದು. ಕೊಡುವಂತಿಲ್ಲ, ಕಡಿಯುವಂತಿಲ್ಲ ಎಂದಾದ ಮೇಲೆ ಉಳಿಯುವ ಕರ್ತವ್ಯವು ಒಂದೇ: ಅದನ್ನು ಅರಿತಿರುವುದು. ಅರಿವಿಗೆ ಮೊದಲ ಮೆಟ್ಟಿಲು ಹೆಸರು.

ಪ್ರಾಚೀನರು ಹೆಸರಿನಲ್ಲಿಯೇ ಎಚ್ಚರಿಕೆಯನ್ನು ಇಟ್ಟುದನ್ನು ಗಮನಿಸಬೇಕು. ಕಣಗಿಲೆಯ ಸಂಸ್ಕೃತ ನಾಮ ಕರವೀರವಾದರೂ ಅದಕ್ಕೆ ಅಶ್ವಮಾರ, ಕುದುರೆಯನ್ನು ಕೊಲ್ಲುವುದು, ಎಂಬ ಹೆಸರೂ ಉಂಟು. ನಮ್ಮ ಉಮ್ಮತ್ತವು ಉನ್ಮತ್ತದ ತದ್ಭವ. ತಿಂದವನ ಅವಸ್ಥೆಯೇ ಗಿಡದ ಹೆಸರು. ಕಾಸರಕದ ಬೀಜಕ್ಕೆ ವಿಷಮುಷ್ಟಿ ಎಂದರು. ಆ ಬೀಜದಿಂದ ಫ್ರಾನ್ಸಿನ ರಸಾಯನಜ್ಞರು 1818ರಲ್ಲಿ ಸ್ಟ್ರಿಕ್ನಿನ್ ಎಂಬ ಕ್ಷಾರವನ್ನು ಬೇರ್ಪಡಿಸಿದರು. ಸುಶ್ರುತನು ಸ್ಥಾವರವಿಷಕ್ಕೆ ಬೇರು, ಎಲೆ, ಹಣ್ಣು, ಹೂ, ತೊಗಟೆ, ಹಾಲು, ಸಾರ, ಅಂಟು, ಧಾತು, ಕಂದ ಎಂದು ಹತ್ತು ಅಧಿಷ್ಠಾನಗಳನ್ನು ಹೇಳಿದ್ದಾನೆ. ಗುಂಜೆಯನ್ನೂ ಅಶ್ವಮಾರವನ್ನೂ ಅವನು ಮೂಲವಿಷಗಳಲ್ಲಿ ಎಣಿಸಿದ್ದಾನೆ. ಇಂದು ನಾವು ಗುಲಗಂಜಿಯಲ್ಲಿ ಅಂಜುವುದು ಬೇರಿಗಲ್ಲ, ಬೀಜಕ್ಕೆ. ಆದುದರಿಂದ ಗ್ರಂಥದಲ್ಲಿ ಒಂದು ಅಂಗದ ಹೆಸರಿದ್ದರೆ ಇನ್ನೊಂದು ಅಂಗವು ನಿರಪಾಯವೆಂದು ಭಾವಿಸಲಾಗದು.

ಗುಲಗಂಜಿಯು ಇನ್ನೊಂದು ತೊಡಕನ್ನೂ ಒಡ್ಡುತ್ತದೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಅದು ತೂಕ. ವೈದ್ಯನ ಓಲೆಯಲ್ಲಿಯೂ ಅದು ತೂಕ. ಅದೇ ಓಲೆಯಲ್ಲಿ ಅದು ವಿಷವೂ ಹೌದು, ಹಾಲಿನಲ್ಲಿಯೋ ಕಾಂಜಿಕದಲ್ಲಿಯೋ ಬೇಯಿಸಿ ಶೋಧಿಸಿದ ಮೇಲೆ ಔಷಧವೂ ಹೌದು. ಗರಿಯಲ್ಲಿ ‘ಗುಂಜಾ’ ಎಂದು ಬರೆದು ಪಕ್ಕದಲ್ಲಿ ಎರಡರ ಅಂಕೆಯಿದ್ದರೆ, ಎರಡು ಗುಂಜಿಯ ತೂಕದಷ್ಟು ಹಿಂದಿನ ದ್ರವ್ಯವೇ, ಅಥವಾ ಎರಡು ಗುಂಜಿಯ ಕಾಳುಗಳೇ? ಗರಿಯ ಮೇಲೆ ಪದಗಳ ನಡುವೆ ಬಿಡುವಿಲ್ಲ. ವಾಕ್ಯವನ್ನು ಎಲ್ಲಿ ಮುರಿಯಬೇಕೆಂಬುದು ಸಂಪಾದಕನ ವಿವೇಕಕ್ಕೆ ಬಿಟ್ಟದ್ದು.

ಇನ್ನು ಈ ಸೀಮೆಯ ವಿಚಾರ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಜೈನಧರ್ಮದ ಬೇರು ಆಳವಾದುದು. ಈಗ ಮದ್ದೂರು ತಾಲ್ಲೂಕಿಗೆ ಸೇರಿದ ಅರೆತಿಪ್ಪೂರಿನ ಸವಣಪ್ಪನ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹವಿದೆ. 1117ರ ಅಲ್ಲಿಯ ಶಾಸನವನ್ನು ರೈಸರು 1894ರಲ್ಲಿ ಮಳವಳ್ಳಿ ತಾಲ್ಲೂಕಿನ ಶಾಸನಗಳಲ್ಲಿ ಪ್ರಕಟಿಸಿದರು. ತಲಕಾಡನ್ನು ಗೆದ್ದ ದಂಡನಾಯಕ ಗಂಗರಾಜನು ವಿಷ್ಣುವರ್ಧನನಿಂದ ತಿಪ್ಪೂರನ್ನು ಪಡೆದು ಮೇಘಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದನೆಂದು ಅದು ತಿಳಿಸುತ್ತದೆ. ಆ ಮುನಿಗಳು ಕ್ರಾಣೂರ್ಗಣದ ತಿಂತ್ರಿಣೀಗಚ್ಛದವರು. ತಿಂತ್ರಿಣಿಯೆಂದರೆ ಹುಣಿಸೆ. ಗಚ್ಛಕ್ಕೆ ಮರದ ಹೆಸರನ್ನಿಟ್ಟುಕೊಂಡ ಮುನಿಪರಂಪರೆಯು ಬಾಳಿದ ನೆಲವಿದು.

ಮದ್ದೂರಿನ ಹೆಸರೂ ನಮ್ಮ ವಿಷಯಕ್ಕೆ ಸಂಬಂಧಿಸಿದೆ. ಕೋವಿಯ ಮದ್ದಿನಿಂದ ಊರಿಗೆ ಈ ಹೆಸರು ಬಂದಿತೆಂಬ ಮಾತು ಜನಜನಿತ. ಆದರೆ ಶಾಸನಗಳಲ್ಲಿ ಈ ಊರು ಮರುದೂರು, ಸ್ಥಳಪುರಾಣದಲ್ಲಿ ಅರ್ಜುನಪುರಿ. ಮರುದು ಎಂದರೆ ಅರ್ಜುನವೃಕ್ಷ, ಎಂದರೆ ಹೊಳೆಯ ದಡದಲ್ಲಿ ಬೆಳೆಯುವ ಮತ್ತಿಯ ಜಾತಿಯ ಮರ. ಎರಡು ಹೆಸರುಗಳೂ ಒಂದೇ ಮರವನ್ನು ತೋರಿಸುತ್ತವೆ. ಹಳಗನ್ನಡದ ಮರ್ದು ನಡುಗನ್ನಡದಲ್ಲಿ ಮದ್ದಾದಂತೆ ಮರುದೂರು ಮದ್ದೂರಾಯಿತು. ಮರವು ಮರೆತುಹೋಗಿ ಮದ್ದು ಉಳಿಯಿತು. ಆ ಮದ್ದೆಂಬ ಪದಕ್ಕಾದರೂ ಒಂದೇ ಅರ್ಥವೇ? ಔಷಧವೂ ಮದ್ದು, ಸಿಡಿಮದ್ದೂ ಮದ್ದು, ಅನ್ನದಲ್ಲಿ ಹಗೆಯು ಇಕ್ಕುತ್ತಾನೆಂದು ಜನರು ಅಂಜುವ ಕೈಮದ್ದೂ ಮದ್ದು. ‘ಮದ್ದು ಕೊಟ್ಟರು’ ಎಂದರೆ ಉಪಕಾರ. ‘ಮದ್ದಿಕ್ಕಿದರು’ ಎಂದರೆ ಅಪಕಾರ. ಕ್ರಿಯಾಪದವೊಂದು ಬದಲಾದರೆ ಅಮೃತವು ವಿಷವಾಗುತ್ತದೆ. ಗಡಿಯಾಚೆಯ ಕಾಸರಗೋಡಿಗೂ ಕಾಸರಕದ ಮರಗಳಿಂದಲೇ ಆ ಹೆಸರೆಂದು ಒಂದು ಅಭಿಪ್ರಾಯವುಂಟು. ಊರುಗಳ ಹೆಸರುಗಳಲ್ಲಿ ಉಳಿದ ಗಿಡಮರಗಳನ್ನು ಹುಡುಕುವುದು ವೈದ್ಯಗ್ರಂಥದ ಸಂಪಾದಕನಿಗೂ ಉಪಯುಕ್ತ.

ಕಾಲವು ಇನ್ನೊಂದು ಬಗೆಯ ಭ್ರಮೆಯನ್ನು ಒಡ್ಡುತ್ತದೆ. ಇಂದು ಹಳ್ಳಿಯಲ್ಲಿ ಕಣಗಿಲೆಯನ್ನು ತೋರಿಸೆಂದರೆ ಹಲವರು ಹಳದಿ ಹೂವಿನ ಗಿಡವನ್ನು ತೋರಿಸುತ್ತಾರೆ. ಅದು ಅಮೆರಿಕ ಖಂಡದಿಂದ ಬಂದುದು. ಅದೂ ಹೃದಯವನ್ನು ನಿಲ್ಲಿಸುವ ವಿಷವೇ, ಆದರೆ ಮಂಗರಾಜನ ಕಾಲದ ಕರವೀರವು ಅದಲ್ಲ. ಹಳದಿ ಹಾಲಿನ ಮುಳ್ಳುಗಿಡವಾದ ಅರಸಿನ ದತ್ತೂರಿಯನ್ನು ಈಚಿನ ನಿಘಂಟುಗಳು ಸ್ವರ್ಣಕ್ಷೀರಿಯೆಂದು ಹೇಳಿದುವು. ಅದೂ ಅಮೆರಿಕದ ಗಿಡವಾದುದರಿಂದ ಚರಕನ ಸ್ವರ್ಣಕ್ಷೀರಿಯು ಅದಾಗಲಾರದು. ಇದು ಕೇವಲ ಪಾಂಡಿತ್ಯದ ವಿಚಾರವಲ್ಲ. ಅದೇ ದತ್ತೂರಿಯ ಬೀಜದ ಎಣ್ಣೆಯು ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಅರುವತ್ತಕ್ಕೂ ಹೆಚ್ಚು ಜನರು ಮಡಿದರು. ಗಿಡವು ಬದಲಾದರೂ ಹೆಸರು ಉಳಿಯುತ್ತದೆ. ಹೆಸರನ್ನು ನಂಬಿದವನು ಹೊಸ ಗಿಡವನ್ನು ಹಳೆಯ ಗುಣಕ್ಕಾಗಿ ಕೊಳ್ಳುತ್ತಾನೆ. ಕಾಂಗ್ರೆಸ್ ಗಿಡಕ್ಕಾದರೋ ಯಾವ ಓಲೆಯಲ್ಲಿಯೂ ಹೆಸರಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಅದು ಈಗ ಮಂಡ್ಯದ ರಸ್ತೆಯಂಚಿನಲ್ಲಿಯೂ ಇದೆ. ಮುಟ್ಟಿದವರಲ್ಲಿ ಕೆಲವರ ಚರ್ಮವನ್ನು ಕೆಡಿಸುತ್ತದೆ.

ಗಿಡಗಳು ಬಂದಂತೆ ಹೋಗುತ್ತಲೂ ಇವೆ. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರವೂ ಅದರ ನಾಲೆಗಳೂ ಈ ಸೀಮೆಗೆ ಅನ್ನವನ್ನು ಕೊಟ್ಟುವು. 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮಂಡ್ಯವು ಕಬ್ಬು ಬತ್ತಗಳ ನಾಡೆನಿಸಿತು. ಆ ಉಪಕಾರವನ್ನು ಮರೆಯುವವನು ಕೃತಘ್ನ. ಆದರೆ ಗದ್ದೆಯ ಬದುವಿನಲ್ಲಿ ಹಳೆಯ ಮುಳ್ಳುಬೇಲಿಗೆ ಸ್ಥಳವಿಲ್ಲ. ಬೇಲಿಯೊಡನೆ ಗುಲಗಂಜಿಯ ಬಳ್ಳಿಯೂ ಗೌರಿಹೂವೂ ಹೋದುವು. ಮಳವಳ್ಳಿಯ ಒಣಭೂಮಿಯಲ್ಲಿ, ಮುತ್ತತ್ತಿಯ ಕಾಡಿನ ಕಡೆ, ಅವನ್ನು ಇನ್ನೂ ಕಾಣಬಹುದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಹಿತ್ತಲಿನಲ್ಲಿ ಗಿಡವಿದ್ದ ಕಾಲದ್ದು. ನನ್ನನ್ನು ಬೇಲಿಗೆ ಕರೆದೊಯ್ದ ವೈದ್ಯರು ಈಗಿಲ್ಲ. ಆ ಬೇಲಿಯೂ ಇಲ್ಲ. ಅಲ್ಲಿ ಈಗ ತೆಂಗಿನ ತೋಟವಿದೆ; ಅದರ ಎಳನೀರು ಮದ್ದೂರಿನ ಮಾರುಕಟ್ಟೆಗೆ ಹೋಗುತ್ತದೆ. ಆ ಹೊಲದಲ್ಲಿ ಒಂದು ಲಾಂಗಲಿಯ ಸ್ಥಾನಕ್ಕೆ ಇನ್ನೊಂದು ಲಾಂಗಲಿಯು ಬಂದಿದೆ. ಇಂದು ತರುಣ ಸಂಶೋಧಕನೊಬ್ಬನು ಅಲ್ಲಿ ನಿಂತು ಆ ಓಲೆಯನ್ನು ಓದಿದರೆ, ಕಣ್ಣೆದುರಿನ ನೆಲವೇ ಅವನಿಗೆ ನನ್ನ ಮೊದಲ ತಪ್ಪನ್ನು ಹೇಳಿಕೊಟ್ಟೀತು.

ಆದುದರಿಂದ ವೈದ್ಯಗ್ರಂಥಗಳ ಸಂಪಾದಕರಲ್ಲಿ ಕೆಲವು ವಿಜ್ಞಾಪನೆಗಳು. ಒಂದು, ಸಸ್ಯನಾಮಗಳಿಗೆ ಏಕರೂಪವಾದ ಅರ್ಥವನ್ನು ಹಚ್ಚಬಾರದು. ಆಯಾ ಪ್ರಯೋಗದ ರೋಗ, ಅಂಗ, ಸೇವನೆಯೋ ಲೇಪವೋ ಎಂಬುದನ್ನು ನೋಡಿ ನಿರ್ಣಯಿಸಬೇಕು. ಎರಡು, ನಿರ್ಣಯವಾಗದಿದ್ದಲ್ಲಿ ಸಂದೇಹವನ್ನು ಸಂದೇಹವೆಂದೇ ಅಚ್ಚು ಮಾಡಬೇಕು. ಇಲ್ಲಿ ಸಂಕೋಚಪಡುವುದು ಹಿಂಸೆಗೆ ಸಮಾನ. ಮೂರು, ಪ್ರತಿಯೊಂದು ಊರಿನಲ್ಲಿಯೂ ಗಿಡವನ್ನು ಬೆರಳಿನಿಂದ ತೋರಿಸಬಲ್ಲ ಹಿರಿಯರು ಇರುವಾಗಲೇ, ಸಸ್ಯವಿಜ್ಞಾನಿಗಳನ್ನು ಜೊತೆಯಲ್ಲಿ ಕರೆದುಕೊಂಡು, ಹೆಸರನ್ನೂ ಗಿಡವನ್ನೂ ಒಟ್ಟಿಗೆ ದಾಖಲಿಸಬೇಕು. ಗ್ರಂಥಸೂಚಿಯಲ್ಲಿ ‘ವೈದ್ಯ, ಅಪೂರ್ಣ’ ಎಂಬೆರಡು ಪದಗಳಿಂದ ಕರ್ತವ್ಯವು ಮುಗಿಯುವುದಿಲ್ಲ.

ಭಂಡಾರಗಳಲ್ಲಿ ಓಲೆಕಟ್ಟಿನ ಬಟ್ಟೆಯೊಳಗೆ ನಮ್ಮ ಹಿರಿಯರು ಬಜೆಯ ತುಂಡನ್ನು ಇಡುತ್ತಿದ್ದರು. ಅದರ ಘಾಟಿಗೆ ಹುಳುಗಳು ಹತ್ತಿರ ಬರುತ್ತಿರ ಲಿಲ್ಲ. ಸಾಯುವ ಮುನ್ನವೇ ದೂರ ಸರಿಯುತ್ತಿದ್ದುವು. ಕೊಲ್ಲದೆ ಕಾಯುವ ಆ ಕ್ರಮವೇ ಮಂಗರಾಜನ ಗ್ರಂಥದ ಕ್ರಮವೂ ಆಗಿದೆ. ಆ ಓಲೆಕಟ್ಟಿನ ನನ್ನ ಪ್ರತಿಲಿಪಿಯು ಇಂದಿಗೂ ಅಚ್ಚಾಗಿಲ್ಲ. ಅದರಲ್ಲಿ ಲಾಂಗಲಿ ಎಂಬ ಪದವು ಏಳು ಸಲ ಬರುತ್ತದೆ. ನಾಲ್ಕು ಗೌರಿಹೂ, ಎರಡು ತೆಂಗು. ಏಳನೆಯದರ ಮುಂದೆ ಮೂವತ್ತು ವರ್ಷಗಳಿಂದ ಒಂದು ಪ್ರಶ್ನಚಿಹ್ನೆಯಿದೆ. ಅದನ್ನು ಅಳಿಸುವ ಧೈರ್ಯವನ್ನು ನಾನು ಮಾಡಿಲ್ಲ.